ಲೈಟ್‌ರೂಮ್‌ನ ವಿನ್ಯೆಟ್: ಮಿಡ್‌ಪಾಯಿಂಟ್ ಯಾವ ಕಡೆ ಎಳೆಯಬೇಕು?

ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ವಿನ್ಯೆಟ್, ಅಂದರೆ ಫೋಟೋದ ಅಂಚು-ಮೂಲೆಗಳನ್ನು ಕಪ್ಪು ಅಥವಾ ಬಿಳಿ ಮಾಡುವ ಸೌಲಭ್ಯ, ಎರಡು ಕಡೆ ಸಿಗುತ್ತದೆ. ಲೆನ್ಸ್ ಕರೆಕ್ಷನ್ಸ್‌ನಲ್ಲಿ ಇರುವುದು ಲೆನ್ಸ್ ತಾನಾಗಿ ತಂದ ಕಪ್ಪನ್ನು ತೆಗೆಯಲಿಕ್ಕೆ. ಎಫ್/1.8ರಲ್ಲಿ (ಲೆನ್ಸಿನ ಕಿಂಡಿ ಅಗಲವಾಗಿ ತೆರೆದು) ತೆಗೆದ ಫೋಟೋದ ಮೂಲೆಗಳು ಸಾಮಾನ್ಯವಾಗಿ ಮಂಕಾಗಿರುತ್ತವೆ, ಎಫ್/4ಕ್ಕೆ ಹೋದರೆ ಸುಮಾರು ಮಟ್ಟಿಗೆ ಸರಿಹೋಗುತ್ತದೆ. ಈ ಲೆನ್ಸ್ ಕರೆಕ್ಷನ್ಸ್ ವಿನ್ಯೆಟ್ ಕ್ರಾಪ್‌ಗೆ (ಫೋಟೋ ಕತ್ತರಿಸುವುದಕ್ಕೆ) ಮುಂಚಿನ ಪೂರ್ತಿ ಫ್ರೇಮನ್ನೇ ಲೆಕ್ಕಕ್ಕೆ ತಗೊಳ್ಳುತ್ತದೆ. ಎಫೆಕ್ಟ್ಸ್‌ನಲ್ಲಿರುವ ಪೋಸ್ಟ್-ಕ್ರಾಪ್ ವಿನ್ಯೆಟಿಂಗ್ ಮಾತ್ರ ಕ್ರಾಪ್ ಆದ ಮೇಲೆ ಉಳಿದ ಚೌಕಟ್ಟಿಗೆ ಹೊಂದಿಕೊಳ್ಳುತ್ತದೆ. ಮೊದಲು ಲೆನ್ಸ್ ಪ್ರೊಫೈಲ್ (ಆ ಲೆನ್ಸಿನ ದೋಷಗಳನ್ನು ತಾನಾಗಿ ಸರಿಪಡಿಸುವ ಸೆಟ್ಟಿಂಗ್) ಹಾಕಿ, ಆಮೇಲೆ ಇಲ್ಲಿಗೆ ಬನ್ನಿ.

ಅಮೌಂಟ್ ಮೈನಸ್ ಮಾಡಿದರೆ ಅಂಚು ಕಪ್ಪು, ಪ್ಲಸ್ ಮಾಡಿದರೆ ಬಿಳಿ. ಅದು ಸುಲಭ. ತಲೆ ತಿನ್ನುವುದು ಮಿಡ್‌ಪಾಯಿಂಟ್. ಮೊದಲಿಗೆ 50ರಲ್ಲಿರುತ್ತದೆ. 80ಕ್ಕೆ ಏರಿಸಿದರೆ ಕಪ್ಪು ಮೂಲೆಗೆ ಸರಿದು ಕಡಿಮೆಯಾಗುತ್ತದೆ, 20ಕ್ಕೆ ಇಳಿಸಿದರೆ ನಡುವಿನವರೆಗೂ ನುಗ್ಗುತ್ತದೆ. ಉಲ್ಟಾ ಅನ್ನಿಸುತ್ತದೆ ಅಲ್ವಾ? ನಡುವೆ ಮುಟ್ಟದೆ ಬಿಡುವ ಜಾಗದ ಅಳತೆಯೇ ಮಿಡ್‌ಪಾಯಿಂಟ್ ಅಂದುಕೊಳ್ಳಿ. ಸಂಖ್ಯೆ ದೊಡ್ಡದಾದಷ್ಟೂ ಆ ಜಾಗ ದೊಡ್ಡದು, ಕಪ್ಪಿಗೆ ಉಳಿಯುವುದು ಮೂಲೆ ಮಾತ್ರ.

ಇದು ಕಣ್ಣಿಗೆ ಕಾಣಬೇಕಾದರೆ ಅಮೌಂಟ್ −100, ಫೆದರ್ (ಗಡಿ ಎಷ್ಟು ಮೃದು ಎಂಬ ಸ್ಲೈಡರ್) 0 ಮಾಡಿ. ಫೋಟೋ ಅಸಹ್ಯವಾಗಿ ಕಾಣುತ್ತದೆ, ಆದರೆ ಕಪ್ಪಿನ ಗಡಿ ಕತ್ತರಿಸಿಟ್ಟ ಹಾಗೆ ಎದುರಿಗೇ ಇರುತ್ತದೆ. ಈಗ ಮಿಡ್‌ಪಾಯಿಂಟ್ ಎಳೆದು ಮುಖ, ಕೈ ಎಲ್ಲ ಗಡಿಯ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ರೌಂಡ್‌ನೆಸ್ ಮೈನಸ್ ಆದರೆ ಆಕಾರ ಆಯತದ ಕಡೆಗೆ, ಪ್ಲಸ್ ಆದರೆ ವೃತ್ತದ ಕಡೆಗೆ ಹೋಗುತ್ತದೆ. ಗಡಿ ಸರಿಯಾಗಿ ಕೂತ ಮೇಲೆ ಫೆದರ್ ಅನ್ನು 70–80ಕ್ಕೆ ಏರಿಸಿ, ಅಮೌಂಟ್ ಅನ್ನು −15ರ ಆಸುಪಾಸಿಗೆ ತನ್ನಿ. ಸುಮ್ನೆ ಅಂದಾಜಿನಲ್ಲಿ ನಾಲ್ಕೂ ಸ್ಲೈಡರ್ ಎಳೆದಾಡುವ ಬದಲು ಈ ದಾರಿಯಲ್ಲಿ ಹೋದರೆ ಯಾವುದು ಏನು ಮಾಡುತ್ತಿದೆ ಎಂದು ಪ್ರತಿ ಸಲವೂ ಗೊತ್ತಾಗುತ್ತದೆ, ನನಗಂತೂ ಇದೇ ಇಷ್ಟ.

ಕಪ್ಪು ಫೋಟೋದ ಮೇಲೆ ಹೇಗೆ ಬೀಳಬೇಕು ಎಂದು ಆರಿಸುವ ಸ್ಟೈಲ್ ಬಗ್ಗೆ ಒಂದು ಉದಾಹರಣೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿ, ಮೇಲಿನ ಮೂಲೆಯಲ್ಲಿ ಉರಿಯುವ ಬಲ್ಬು. ಪೇಂಟ್ ಓವರ್‌ಲೇ ಹಾಕಿದರೆ ಬಲ್ಬಿನ ಮೇಲೂ ಕಪ್ಪು ಬಳಿದು ಅದು ಬೂದು ಬಣ್ಣಕ್ಕೆ ತಿರುಗುತ್ತದೆ. ಹೈಲೈಟ್ ಪ್ರಯಾರಿಟಿ ಆರಿಸಿ ಕೆಳಗಿನ ಹೈಲೈಟ್ಸ್ ಸ್ಲೈಡರ್ ಏರಿಸಿದರೆ ಸುತ್ತಲಿನ ಗೋಡೆ ಕತ್ತಲಾದರೂ ಬಲ್ಬು ಹೊಳೆಯುತ್ತಲೇ ಇರುತ್ತದೆ. ಚರ್ಮದ ಬಣ್ಣ ಕೆಡುತ್ತಿದ್ದರೆ ಕಲರ್ ಪ್ರಯಾರಿಟಿ ನೋಡಿ. ಅಮೌಂಟ್ ಮೈನಸ್‌ನಲ್ಲಿ ಇದ್ದಾಗ ಮಾತ್ರ ಹೈಲೈಟ್ಸ್ ಕೆಲಸ ಮಾಡುತ್ತದೆ.

ಆ ವೇಷಧಾರಿ ಎಡ ಅಂಚಿಗೆ ಕೂತಿದ್ದರೆ? ಪೋಸ್ಟ್-ಕ್ರಾಪ್ ವಿನ್ಯೆಟ್‌ನ ನಡುವನ್ನು ಸರಿಸಲು ಬರುವುದಿಲ್ಲ, ಹಾಗಾಗಿ ಅವರ ಭುಜವೇ ಕಪ್ಪಾಗುತ್ತದೆ. ಆಗ ರೇಡಿಯಲ್ ಗ್ರೇಡಿಯಂಟ್ ಮಾಸ್ಕ್ (ಅಂಡಾಕಾರದ ಆಯ್ಕೆ) ಅನ್ನು ಅವರ ಮುಖದ ಸುತ್ತ ಎಳೆದು, ಹೊರಗಿನ ಭಾಗಕ್ಕೆ ಅನ್ವಯವಾಗುವಂತೆ ಇನ್ವರ್ಟ್ ಮಾಡಿ, ಎಕ್ಸ್‌ಪೋಷರ್ −0.5 ಕೊಡಿ. ಮೊಬೈಲಿನಲ್ಲಾದರೆ ಸ್ನ್ಯಾಪ್‌ಸೀಡ್ ಆ್ಯಪ್‌ನ ವಿನ್ಯೆಟ್‌ನಲ್ಲಿ ನಡುವಿನ ಚುಕ್ಕಿಯನ್ನೇ ಬೇಕಾದ ಕಡೆ ಸರಿಸಬಹುದು.

ಬರೀ ಆಕಾಶ ಅಥವಾ ಬಿಳಿ ಗೋಡೆ ಮೂಲೆಯಲ್ಲಿದ್ದರೆ −10 ಕೂಡ ಕೊಳೆಯ ಹಾಗೆ ಕಾಣುತ್ತದೆ. ಅಂಥ ಫೋಟೋಗೆ ವಿನ್ಯೆಟ್ ಬೇಡ.