ಬೆರಳಿನ ಥಂಡಿಗೆ ಮೊದಲ ಮದ್ದು ಸ್ವೆಟರ್

ಡಿಸೆಂಬರ್ ಬೆಳಗಿನ ಆರು ಗಂಟೆ. ಧಾರವಾಡದ ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ರಾತ್ರಿಯಿಡೀ ಆರಿ ತಣ್ಣಗಾಗಿರುತ್ತದೆ. ಆ ನೀರಲ್ಲಿ ಮುಸುರೆ ಬಾಂಡೆ ತಿಕ್ಕಲು ಕೂತ ಎರಡು ನಿಮಿಷಕ್ಕೆ ನಡುಬೆರಳು, ಉಂಗುರಬೆರಳುಗಳ ತುದಿ ಸುಣ್ಣ ಬಳಿದಂತೆ ಬಿಳಿಚುತ್ತವೆ. ಬಿಳುಪು ಗೆರೆ ಹೊಡೆದಂತೆ ಒಂದು ಕಡೆ ನಿಲ್ಲುತ್ತದೆ. ಗೆರೆಯ ಈಚೆಗಿನ ಚರ್ಮ ಎಂದಿನಂತೆಯೇ. ಹೆಬ್ಬೆರಳು ಹೆಚ್ಚಾಗಿ ಪಾರಾಗಿರುತ್ತದೆ. ಆಮೇಲೆ ನೀಲಿ, ಬೆಚ್ಚಗಾದಾಗ ಕೆಂಪು, ಜೊತೆಗೆ ಉರಿ. ಮನೆಯವರು ‘ಥಂಡೀಗೆ ಕೈ ಮರಗಟ್ಟ್ಯಾವ’ ಅಂದು ಸುಮ್ಮನಾಗುತ್ತಾರೆ. ಥಂಡಿಗೆ ಯಾರ ಕೈಯಾದರೂ ಮರಗಟ್ಟೀತು, ಆದರೆ ಹೀಗೆ ಗೆರೆ ಹೊಡೆದು ಬಿಳಿಚುವುದಿಲ್ಲ. ಇದು ರೇನೋ ತೊಂದರೆ. 1862ರಲ್ಲಿ ಫ್ರಾನ್ಸಿನ ವೈದ್ಯ ಮೊರಿಸ್ ರೇನೋ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರಿಂದ ಈ ಹೆಸರು. ಕಪ್ಪು ಮೈಬಣ್ಣದವರಲ್ಲಿ ಬೆರಳಿನ ಹಿಂಬದಿಯಲ್ಲಿ ಬಣ್ಣ ಸರಿಯಾಗಿ ಕಾಣದು. ಉಗುರಿನ ಅಡಿ ಮತ್ತು ಅಂಗೈ ಬದಿ ನೋಡಬೇಕು.

ಬೆರಳ ತುದಿಯ ರಕ್ತನಾಳಗಳಿಗೆ ಚರ್ಮವನ್ನು ಪೋಷಿಸುವುದರ ಜೊತೆಗೆ ಮೈಯ ಶಾಖವನ್ನು ಹೊರಹಾಕುವ, ಇಲ್ಲವೇ ಒಳಗೇ ಹಿಡಿದಿಡುವ ಕೆಲಸವೂ ಇದೆ. ಥಂಡಿ ತಾಕಿದರೆ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸಂದೇಶ ಸುರಿಸುತ್ತವೆ, ನಾಳ ಬಿಗಿಯುತ್ತದೆ. ಈ ಸಂದೇಶ ಹಿಡಿಯುವ ಆಲ್ಫಾ-2ಸಿ ಗ್ರಾಹಕಗಳು ಬೆಚ್ಚಗಿರುವಾಗ ಜೀವಕೋಶದ ಒಳಗೆ ಅಡಗಿರುತ್ತವೆ. ಚರ್ಮ ತಣ್ಣಗಾದೊಡನೆ ಮೇಲ್ಮೈಗೆ ಬರುತ್ತವೆ. ರೇನೋ ಇದ್ದವರಲ್ಲಿ ಈ ಬಿಗಿತ ಅತಿಯಾಗುತ್ತದೆ. ಗಮನಿಸಬೇಕಾದ್ದು ಇನ್ನೊಂದು: ನರಗಳಿಗೆ ಅಪ್ಪಣೆ ಕೈಯಿಂದಷ್ಟೇ ಬರುವುದಿಲ್ಲ, ಇಡೀ ಮೈಯ ಥಂಡಿಯಿಂದಲೂ, ಗಾಬರಿಯಿಂದಲೂ ಬರುತ್ತದೆ. ಹಾಗಾಗಿ ದಪ್ಪ ಕೈಗವಸು ಹಾಕಿ ತೆಳು ಅಂಗಿಯಲ್ಲಿ ಬೈಕ್ ಹತ್ತಿದರೆ ಬೆರಳು ಬಿಳಿಚಿಯೇ ತೀರುತ್ತದೆ. ಎದೆ, ಹೊಟ್ಟೆ, ಕುತ್ತಿಗೆ, ಕಿವಿ ಬೆಚ್ಚಗಿರಬೇಕು: ಒಳಗೆ ಬನಿಯನ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಕೈಗವಸು ಶಾಖ ಹುಟ್ಟಿಸುವುದಿಲ್ಲ, ಇರುವುದನ್ನು ಕಾಯುತ್ತದೆ. ಕೈ ಬೆಚ್ಚಗಿರುವಾಗಲೇ, ಮನೆಯೊಳಗೇ ತೊಡಬೇಕು. ಬಿಗಿಯಾಗಿದ್ದರೆ ಅದೇ ರಕ್ತ ತಡೆಯುತ್ತದೆ. ಹುಬ್ಬಳ್ಳಿಗೆ ಬೈಕ್ ಬೇಡವೆಂದು ಬಸ್ ಹಿಡಿದರೂ ಸ್ವೆಟರ್ ಬಿಚ್ಚುವಂತಿಲ್ಲ: ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಎಸಿ ಗಾಳಿಯೇ ಬೆರಳು ಬಿಳಿಚಲು ಸಾಕು.

ಬಾಂಡೆ ತಿಕ್ಕುವಾಗ ಬೋಗುಣಿಗೆ ಬಿಸಿನೀರು ಬೆರೆಸಿ, ರಬ್ಬರ್ ಗವಸಿನೊಳಗೆ ತೆಳು ಹತ್ತಿ ಗವಸು ಹಾಕಿ. ಫ್ರಿಜ್‌ನಿಂದ ಹಾಲಿನ ಪಾಕೀಟನ್ನು ಬಟ್ಟೆ ಹಿಡಿದು ತೆಗೆಯಿರಿ. ಒಣಗಾಳಿಗೆ ಸೀಳಿದ ಬೆರಳು ರಕ್ತ ಸಾಲದೆ ತಡವಾಗಿ ಮಾಯುವುದರಿಂದ ರಾತ್ರಿ ವ್ಯಾಸಲಿನ್ ಹಚ್ಚಬೇಕು.

ಬೆರಳು ಬಿಳಿಚಿದಾಗ ಎಲ್ಲರೂ ಮಾಡುವ ತಪ್ಪು ಒಲೆಗೆ, ಹಂಚಿಗೆ ಕೈ ಹಿಡಿಯುವುದು. ಜೋಮು ಹಿಡಿದ ಬೆರಳಿಗೆ ಸುಡುವುದು ತಿಳಿಯದು. ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಥಂಡಿಯಿಂದ ಒಳಗೆ ಬಂದು ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲವೇ ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ 20–30 ಸಲ ಬೀಸಿ ತಿರುಗಿಸಿ, ರಕ್ತ ತುದಿಗೆ ನೂಕಿಕೊಳ್ಳುತ್ತದೆ. ಆಮೇಲೆ 37–40 ಡಿಗ್ರಿ ಉಗುರುಬೆಚ್ಚಗಿನ ನೀರಲ್ಲಿ 5–10 ನಿಮಿಷ. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಬೇಕು, ಬೆರಳಿಂದಲ್ಲ. ಸಾಮಾನ್ಯವಾಗಿ 15–20 ನಿಮಿಷಕ್ಕೆ ಸರಿಹೋಗುತ್ತದೆ. ಕೆಂಪಾಗಿ ಉರಿಯುವುದು ರಕ್ತ ಮರಳಿದ ಲಕ್ಷಣ; ಉರಿಯೆಂದು ತಣ್ಣೀರಿಗೆ ಅದ್ದಿದರೆ ಮತ್ತೆ ಮೊದಲಿಂದ ಶುರು.

ಹರೆಯದಲ್ಲಿ ಶುರುವಾಗಿ ಎರಡೂ ಕೈಗೆ ಸಮನಾಗಿ ಬರುವ, ಹುಣ್ಣು ಮಾಡದ ರೇನೋ ಹೆದರುವಂಥದ್ದಲ್ಲ. ಹೆಂಗಸರಲ್ಲೇ ಹೆಚ್ಚು. ನಲವತ್ತರ ನಂತರ ಹೊಸದಾಗಿ ಬಂದರೆ, ಒಂದೇ ಕೈಗೆ ಬಂದರೆ, ತುದಿಯಲ್ಲಿ ಹುಣ್ಣಾದರೆ, ಬೆರಳ ಚರ್ಮ ಬಿಗಿದು ಮುಷ್ಟಿ ಕಟ್ಟಲಾಗದಿದ್ದರೆ, ನುಂಗಲು ಕಷ್ಟವಾದರೆ ಸ್ಕ್ಲೀರೋಡರ್ಮಾ (ಚರ್ಮ ಗಟ್ಟಿಯಾಗುವ ಕಾಯಿಲೆ), ಲೂಪಸ್‌ನಂಥ, ಮೈಯ ರಕ್ಷಣಾ ವ್ಯವಸ್ಥೆ ಮೈಯನ್ನೇ ಕಾಡುವ ಕಾಯಿಲೆಯನ್ನು ಹುಡುಕಬೇಕು. ಸ್ಕ್ಲೀರೋಡರ್ಮಾ ಇದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ರೇನೋ ಇರುತ್ತದೆ, ಎಷ್ಟೋ ಸಲ ವರ್ಷಗಳ ಮೊದಲೇ. ವೈದ್ಯರು ಇಂಥ ಕಾಯಿಲೆಯ ಸುಳಿವು ಹುಡುಕುವ ಎಎನ್‌ಎ ರಕ್ತಪರೀಕ್ಷೆ ಮಾಡಿಸಿ, ಉಗುರಿನ ಬುಡಕ್ಕೆ ಎಣ್ಣೆಯ ಹನಿ ಹಾಕಿ ಮಸೂರದಲ್ಲಿ ಲೋಮನಾಳ (ಕೂದಲೆಳೆಯಂಥ ರಕ್ತನಾಳ) ನೋಡುತ್ತಾರೆ. ಹಿಗ್ಗಿದ, ಅಲ್ಲಲ್ಲಿ ಮಾಯವಾದ ನಾಳಗಳು ಸುಳಿವು ಕೊಡುತ್ತವೆ. ದವಾಖಾನೆಗೆ ಹೋಗುವಷ್ಟರಲ್ಲಿ ಬಿಳುಪು ಹೋಗಿರುವುದರಿಂದ ಫೋನಿನಲ್ಲಿ ಫೋಟೊ ತೆಗೆದಿಡಿ. ಬೀಡಿ ಸೇದುವ ಗಂಡಸಿಗೆ ಬೆರಳು ಕಪ್ಪಾಗಿ, ನಡೆಯುವಾಗ ಮೀನಖಂಡ ಹಿಡಿದುಕೊಂಡರೆ ಅದು ತಂಬಾಕಿನಿಂದ ಕೈಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಬರ್ಗರ್ಸ್ ಕಾಯಿಲೆ ಇರಬಹುದು, ತಡಮಾಡುವಂತಿಲ್ಲ. ಹುಬ್ಬಳ್ಳಿ ಬಳಿಯ ತಾರಿಹಾಳದ ಕಾರ್ಖಾನೆಗಳಲ್ಲಿ ದಿನವಿಡೀ ಆ್ಯಂಗಲ್ ಗ್ರೈಂಡರ್ ಹಿಡಿಯುವವರಿಗೆ ಕಂಪನದಿಂದಲೇ ಇದು ಬರಬಲ್ಲದು. ನಡುನಡುವೆ ಬಿಡುವು ತೆಗೆದು, ಹಿಡಿ ಸಡಿಲಿಸದಿದ್ದರೆ ಶಾಶ್ವತವಾಗಬಹುದು.

ತಲೆನೋವಿಗೆ ಕೊಡುವ ಪ್ರೊಪ್ರಾನಲಾಲ್, ಎರ್ಗೋಟಮಿನ್, ನೆಗಡಿ ಮಾತ್ರೆಯ ಫಿನೈಲೆಫ್ರಿನ್ ಇವು ರೇನೋವನ್ನು ಕೆಣಕುತ್ತವೆ; ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ತಾವಾಗಿ ನಿಲ್ಲಿಸಬೇಡಿ. ತಂಬಾಕು ಯಾವ ರೂಪದಲ್ಲಿದ್ದರೂ ಬಿಡಲೇಬೇಕು.

ಇಷ್ಟಾದರೂ ತಡೆಯದಿದ್ದರೆ ಔಷಧ. ಮೊದಲ ಆಯ್ಕೆ ರಕ್ತನಾಳ ಸಡಿಲಿಸುವ ಮಾತ್ರೆ: ನಿಧಾನವಾಗಿ ಕರಗುವ ನಿಫೆಡಿಪಿನ್, ದಿನಕ್ಕೆ 30 ಮಿಲಿಗ್ರಾಂನಿಂದ 60ರವರೆಗೆ, ಇಲ್ಲವೇ ಅಮ್ಲೋಡಿಪಿನ್ 5ರಿಂದ 10. ಬಿಪಿ ಕಡಿಮೆ ಇದ್ದವರಿಗೆ ಇನ್ನೂ ಸಣ್ಣ ಪ್ರಮಾಣ. ಮೊದಲ ದಿನಗಳಲ್ಲಿ ತಲೆನೋವು, ಆಮೇಲೆ ಪಾದ ಬಾವು, ಎದ್ದು ನಿಂತಾಗ ತಲೆಸುತ್ತು ಬರಬಹುದು. ಬೇಗ ಗುಣವಾಗಲೆಂದು ಹಳೆಯ ಬಗೆಯ, ಬೇಗ ಕರಗುವ ನಿಫೆಡಿಪಿನ್ ಕ್ಯಾಪ್ಸೂಲನ್ನು ಕಚ್ಚಿ ನಾಲಿಗೆ ಕೆಳಗೆ ಇಡುವುದು ಅಪಾಯ, ಬಿಪಿ ಒಮ್ಮೆಲೇ ಕುಸಿಯುತ್ತದೆ. ಇದು ಸಾಲದಾದರೆ ಸಿಲ್ಡೆನಾಫಿಲ್ ಇದೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಸಲ್ಲದು. ಸ್ಕ್ಲೀರೋಡರ್ಮಾದವರ ಬೆರಳಲ್ಲಿ ಹುಣ್ಣು ಮರಳಿ ಮರಳಿ ಆಗುತ್ತಿದ್ದರೆ ಬೊಸೆಂಟಾನ್ ಎಂಬ ಮಾತ್ರೆ ಹೊಸ ಹುಣ್ಣು ಕಡಿಮೆ ಮಾಡುತ್ತದೆ.

ನಮ್ಮ ಕಡೆ ಹೆಚ್ಚಿನವರಿಗೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಮಾತ್ರೆ ಸಾಕು, ಬೇಸಿಗೆಗೆ ವೈದ್ಯರನ್ನು ಕೇಳಿ ನಿಲ್ಲಿಸಬಹುದು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಚೀಲ ಹೊರುವವರಿಗೆ ಮಾತ್ರ ಈ ಲೆಕ್ಕ ನಡೆಯದು. ಹೊರಗೆ ಏಪ್ರಿಲ್‌ನ ಬಿಸಿಲು, ಒಳಗೆ ಫ್ರಿಜ್‌ನಷ್ಟು ಥಂಡಿ. ಬೆವರಿದ ಅಂಗಿಯಲ್ಲೇ ಒಳಗೆ ಹೊಕ್ಕರೆ ಬೆರಳು ಬಿಳಿಚುವುದು ಅವರಿಗೆ ಬೇಸಿಗೆಯಲ್ಲೇ. ಬಾಗಿಲ ಬಳಿ ಒಣ ಅಂಗಿಯೊಂದನ್ನೂ ಸ್ವೆಟರನ್ನೂ ಗೂಟಕ್ಕೆ ಹಾಕಿಟ್ಟಿರಬೇಕು.