ಮೇಷ್ಟರ ಸಂಬಳದ ಹಿಂದೆ ಮೂವತ್ತನಾಲ್ಕು ದಾನಿಗಳು

2021ಕ್ಕೆ ಮೊದಲು ಅಫ್ಘಾನಿಸ್ತಾನದ ದೂರದ ಜಿಲ್ಲೆಯೊಂದರಲ್ಲಿ ಶಾಲಾ ಮೇಷ್ಟರಿಗೆ ಸಂಬಳ ಹೇಗೆ ಬರುತ್ತಿತ್ತು ಎಂಬುದರಿಂದಲೇ ಶುರುಮಾಡೋಣ. ಹಾಜರಿ ಪಟ್ಟಿ ನೋಡಿ ಎಂ-41 ಎಂಬ ಸಂಬಳದ ನಮೂನೆ ತುಂಬುತ್ತಿದ್ದರು. ಅದು ಪ್ರಾಂತ್ಯದ ಶಿಕ್ಷಣ ಇಲಾಖೆಗೆ ಹೋಗಿ, ಅಲ್ಲಿಂದ ಮುಸ್ತೂಫಿಯತ್‌ಗೆ ಬರುತ್ತಿತ್ತು. ಮುಸ್ತೂಫಿಯತ್ ಎಂದರೆ ಹಣಕಾಸು ಸಚಿವಾಲಯದ ಪ್ರಾಂತೀಯ ಕಚೇರಿ, ನಮ್ಮ ಜಿಲ್ಲಾ ಖಜಾನೆಯ ಹಾಗೆ. ಅಲ್ಲಿ ನೋಡುತ್ತಿದ್ದದ್ದು ಎರಡೇ: ತಶ್ಕೀಲ್‌ನಲ್ಲಿ, ಅಂದರೆ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ, ಈ ಹುದ್ದೆ ಇದೆಯೇ? ಬಿಡುಗಡೆಯಾದ ಅನುದಾನದಲ್ಲಿ ಹಣ ಉಳಿದಿದೆಯೇ? ಎರಡೂ ಸರಿಯಿದ್ದರೆ ಚೆಕ್ಕು ಹೊರಡುತ್ತಿತ್ತು. ಆದರೆ ಮೇಷ್ಟರ ಹೆಸರಿಗಲ್ಲ, ಮುತಮದ್ ಎಂಬ ಬಟವಾಡೆ ನೌಕರನ ಹೆಸರಿಗೆ. ಜಾಮೀನು ಕೊಟ್ಟು ಆ ಕೆಲಸಕ್ಕೆ ಬಂದವನು ಆತ. ನಗದು ಎಣಿಸಿಕೊಂಡು ಜಿಲ್ಲೆಗೆ ಹೊತ್ತೊಯ್ದು ಹಂಚಬೇಕು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದ ಪಟ್ಟಿಯನ್ನು ತಂದು ಒಪ್ಪಿಸಬೇಕು.

ಆ ಹೆಬ್ಬೆಟ್ಟಿನ ಪಟ್ಟಿಯೇ ಜಗತ್ತಿನ ಅತಿ ದೊಡ್ಡ ಸಾಮೂಹಿಕ ನೆರವು ನಿಧಿಗಳಲ್ಲಿ ಒಂದಕ್ಕೆ ಆಧಾರವಾಗಿತ್ತು. ಅಫ್ಘಾನಿಸ್ತಾನ ಪುನರ್ನಿರ್ಮಾಣ ಟ್ರಸ್ಟ್ ನಿಧಿ, ಚಿಕ್ಕದಾಗಿ ಎಆರ್‌ಟಿಎಫ್, 2002ರಲ್ಲಿ ಹುಟ್ಟಿತು. ಉಸ್ತುವಾರಿ ವಿಶ್ವಬ್ಯಾಂಕಿನದು. ಕಾಲಕ್ರಮದಲ್ಲಿ 34 ದಾನಿಗಳು ಸೇರಿ 2021ರ ಹೊತ್ತಿಗೆ ಸುಮಾರು 1,300 ಕೋಟಿ ಡಾಲರ್ ಹಾಕಿದ್ದರು. ಅದಕ್ಕೂ ಮೊದಲು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಯುಎನ್‌ಡಿಪಿ, ಕೆಲವೇ ತಿಂಗಳ ಮಟ್ಟಿಗೆ ಮಧ್ಯಂತರ ಆಡಳಿತಕ್ಕೊಂದು ನಿಧಿ ನಡೆಸಿತ್ತು. ಅದರ ಬಾಕಿ ಇದಕ್ಕೆ ಬಂತು. ಉಪಾಯ ಹೊಸದೇನಲ್ಲ. 1994ರಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರದ ನೌಕರರ ಸಂಬಳಕ್ಕೆ ವಿಶ್ವಬ್ಯಾಂಕ್ ಹೋಲ್ಸ್ಟ್ ನಿಧಿ ನಡೆಸಿತ್ತು.

ಸಾಮೂಹಿಕ ನಿಧಿ ಎಂದರೆ ಎಲ್ಲರೂ ಹಣ ಸುರಿಯುವ ಹುಂಡಿ ಎಂದು ಹೊರಗಿನವರು ಭಾವಿಸುತ್ತಾರೆ. ಹಣ ಒಟ್ಟಾಗುವುದು ಅದರಲ್ಲಿ ಸಣ್ಣ ಮಾತು. ನಿಜವಾಗಿ ಒಟ್ಟಾಗುವುದು ಲೆಕ್ಕದ ನಿಯಮ. ಪ್ರತ್ಯೇಕವಾಗಿ ಕೊಟ್ಟರೆ ಮೂವತ್ತನಾಲ್ಕು ದಾನಿಗಳಿಗೆ ಮೂವತ್ತನಾಲ್ಕು ವರದಿ ನಮೂನೆ, ಅಷ್ಟೇ ಬ್ಯಾಂಕ್ ಖಾತೆ, ಅಷ್ಟೇ ಆಡಿಟ್ ತಂಡ. ಆಗಷ್ಟೇ ಬಾಗಿಲು ತೆರೆದ ಸಚಿವಾಲಯಕ್ಕೆ ಅದು ಆಗದ ಕೆಲಸ. 2002ರಿಂದ 2004ರವರೆಗೆ ಹಣಕಾಸು ಸಚಿವರಾಗಿದ್ದ ಅಶ್ರಫ್ ಘನಿ ಹಿಂದೆ ವಿಶ್ವಬ್ಯಾಂಕಿನಲ್ಲಿದ್ದವರು. ನೆರವು ದೇಶದ ಬಜೆಟ್ಟಿನ ಮೂಲಕವೇ ಹೋಗಬೇಕು ಎಂದು ಅವರು ಹಟ ಹಿಡಿದದ್ದು ಈ ಲೆಕ್ಕ ಗೊತ್ತಿದ್ದೇ.

ಯಂತ್ರದ ಒಳಭಾಗ ಹೀಗಿತ್ತು. ನಿಧಿಗೆ ಎರಡು ಕಿಟಕಿ. ಒಂದು ಆವರ್ತಕ ವೆಚ್ಚದ್ದು: ಸಂಬಳ, ಕಚೇರಿ ಬಾಡಿಗೆ, ಡೀಸೆಲ್, ರಿಪೇರಿ. ಇನ್ನೊಂದು ಬಂಡವಾಳದ್ದು: ರಸ್ತೆ, ಶಾಲೆ, ನೀರು, ಆರೋಗ್ಯ ಯೋಜನೆಗಳು. ಮೊದಲ ಕಿಟಕಿಯ ಸೂಕ್ಷ್ಮ ಎಂದರೆ ದಾನಿಗಳ ಡಾಲರ್ ಮೇಷ್ಟರನ್ನು ಮುಟ್ಟುವುದೇ ಇಲ್ಲ. ಸರ್ಕಾರ ತನ್ನ ಖಜಾನೆಯಿಂದ, ತನ್ನ ನಿಯಮದಂತೆ ಸಂಬಳ ಕೊಡುತ್ತದೆ. ಖರ್ಚು ಗಣಕೀಕೃತ ಖಜಾನೆ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಆಮೇಲೆ ಇಷ್ಟು ಖರ್ಚಾಗಿದೆ, ತುಂಬಿಕೊಡಿ ಎಂದು ನಿಧಿಗೆ ಕ್ಲೇಮು ಹೋಗುತ್ತದೆ. ನಡುವೆ ಮೇಲ್ವಿಚಾರಣಾ ಏಜೆಂಟ್ ಎಂಬ ಹೊರಗಿನ ಲೆಕ್ಕಪರಿಶೋಧನಾ ಸಂಸ್ಥೆ ಕೂತಿರುತ್ತದೆ. ಅದು ವೋಚರ್‌ಗಳ ಮಾದರಿ ತೆಗೆದು ನೋಡಿ, ಸರಿಯಿದ್ದಷ್ಟನ್ನು ಅರ್ಹ ಎಂದು ಬರೆಯುತ್ತದೆ. ಅಷ್ಟಕ್ಕೆ ಮಾತ್ರ ಮರುಪಾವತಿ.

ಅನರ್ಹ ಎಂದು ಬಿದ್ದದ್ದು ಯಾಕೆ ಬೀಳುತ್ತದೆ? ಮುಖ್ಯವಾಗಿ ಕಳ್ಳತನದಿಂದ ಅಲ್ಲ. ಡೀಸೆಲ್ ಕೊಂಡ ಬಿಲ್ಲಿದೆ, ದರಪಟ್ಟಿಗಳಿಲ್ಲ. ಸಂಬಳದ ಪಟ್ಟಿಯಿದೆ, ಹೆಬ್ಬೆಟ್ಟಿನ ಪುಟ ಪ್ರಾಂತ್ಯದಲ್ಲೇ ಉಳಿದಿದೆ. ರಿಪೇರಿಯನ್ನು ತಪ್ಪು ಲೆಕ್ಕಶೀರ್ಷಿಕೆಯಡಿ ಬರೆದಿದ್ದಾರೆ. ಸಾದಿಲ್ವಾರು, ಅಂದರೆ ಕಚೇರಿಯ ಸಣ್ಣಪುಟ್ಟ ಖರ್ಚಿನ, ಬಿಲ್ಲು ಪಾಸು ಮಾಡಿಸಿಕೊಂಡ ಯಾರಿಗೂ ಈ ಆಕ್ಷೇಪಣೆಗಳು ಹೊಸವಲ್ಲ. ವ್ಯತ್ಯಾಸವಿಷ್ಟೇ: ಇಲ್ಲಿ ಬಿಲ್ಲು ವಾಪಸಾಗುವ ಹೊತ್ತಿಗೆ ಹಣ ಖರ್ಚಾಗಿ ಹೋಗಿದೆ. ಅಫ್ಘಾನಿ ಎಂದರೆ ಅಲ್ಲಿನ ನಾಣ್ಯ; ಅನರ್ಹವಾದ ಪ್ರತಿ ಅಫ್ಘಾನಿಯೂ ಖಜಾನೆಗೆ ಬಿದ್ದ ತೂತು. ಆ ತೂತಿನ ಹೆದರಿಕೆ ಗುಮಾಸ್ತರಿಗೆ ಕಾಗದ ಜೋಡಿಸುವುದನ್ನು ಕಲಿಸಿತು. ಸಾಮರ್ಥ್ಯ ವೃದ್ಧಿಯ ಹೆಸರಲ್ಲಿ ಹೋಟೆಲುಗಳಲ್ಲಿ ನಡೆದ ಕಾರ್ಯಾಗಾರಗಳಿಗಿಂತ ಈ ಆಕ್ಷೇಪಣೆ ಪಟ್ಟಿ ಹೆಚ್ಚು ಕಲಿಸಿತು ಎಂದೇ ನಮ್ಮ ಅಭಿಪ್ರಾಯ.

ಆದರೆ ಕಾಗದ ಸರಿಯಿದ್ದ ಮಾತ್ರಕ್ಕೆ ಮೇಷ್ಟರು ತರಗತಿಯಲ್ಲಿ ಇದ್ದಾರೆ ಎಂದಲ್ಲ. ಏಜೆಂಟ್ ನೋಡುವುದು ವೋಚರನ್ನು, ಹೆಬ್ಬೆಟ್ಟು ಯಾರದ್ದು ಎಂದು ಹಳ್ಳಿಗೆ ಹೋಗಿ ಕೇಳುವುದು ಅದರ ಕೆಲಸವಲ್ಲ. ಅಮೆರಿಕದ ಪುನರ್ನಿರ್ಮಾಣ ತನಿಖಾ ಕಚೇರಿ ಸಿಗಾರ್ 2018ರಲ್ಲಿ ಈ ನಿಧಿಯ ಮೇಲ್ವಿಚಾರಣೆಯನ್ನು ಟೀಕಿಸಿ ವರದಿಯನ್ನೇ ಹೊರಡಿಸಿತು. ಸಂಬಳದ ಸರಪಳಿಯಲ್ಲಿ ಸೋರಿಕೆಗೆ ಸಲೀಸಾದ ಜಾಗ ಮುತಮದ್‌ನ ಚೀಲ. ತಡವಾಗಿ ಹಂಚಬಹುದು, ಕೈಗೆ ಬಂದದ್ದರಲ್ಲಿ ಒಂದಿಷ್ಟು ಮುರಿದುಕೊಳ್ಳಬಹುದು, ಊರು ಬಿಟ್ಟವರ ಹೆಸರಿಗೂ ಹೆಬ್ಬೆಟ್ಟು ಒತ್ತಿಸಬಹುದು. ಇದಕ್ಕೆ ಮದ್ದು ಇನ್ನೊಂದು ಆಡಿಟ್ ಅಲ್ಲ, ಸಂಬಳವನ್ನು ನೇರ ಬ್ಯಾಂಕ್ ಖಾತೆಗೆ ಹಾಕುವುದು. ಅದನ್ನೂ ಮಾಡುತ್ತಾ ಬಂದರು. ಬ್ಯಾಂಕಿಲ್ಲದ ಜಿಲ್ಲೆಗಳಲ್ಲಿ ಚೀಲವೇ ಉಳಿಯಿತು.

ಪೊಲೀಸರ ಸಂಬಳ ಈ ನಿಧಿಯಲ್ಲಿ ಬರುತ್ತಿರಲಿಲ್ಲ. ಸಮವಸ್ತ್ರದವರಿಗೆ ವಿಶ್ವಬ್ಯಾಂಕ್ ಹಣ ಕೊಡುವುದಿಲ್ಲ. ಅದಕ್ಕಾಗಿ ಯುಎನ್‌ಡಿಪಿ ಲೋಟ್‌ಫಾ ಎಂಬ ಬೇರೆ ನಿಧಿ ನಡೆಸುತ್ತಿತ್ತು.

ಇನ್ನು ದಾನಿಗಳ ಕಡೆಯ ಕಸರತ್ತು. ಎಷ್ಟು ಕೊಟ್ಟರು ಎಂಬ ಪ್ರಶ್ನೆಗೆ ಕನಿಷ್ಠ ಐದು ಉತ್ತರಗಳಿರುತ್ತವೆ, ಪತ್ರಿಕೆಗಳು ಅವನ್ನು ಕಲಸಿಬಿಡುತ್ತವೆ. ಸಮ್ಮೇಳನದಲ್ಲಿ ಘೋಷಿಸಿದ್ದು ಒಂದು. ಒಪ್ಪಂದಕ್ಕೆ ಸಹಿ ಹಾಕಿದ್ದು ಇನ್ನೊಂದು. ಕಂತಿನಲ್ಲಿ ನಿಧಿಯ ಖಾತೆಗೆ ಬಂದದ್ದು ಮತ್ತೊಂದು. ಸಮಿತಿ ಯೋಜನೆಗಳಿಗೆ ಮಂಜೂರು ಮಾಡಿದ್ದು ನಾಲ್ಕನೆಯದು, ನಿಜಕ್ಕೂ ಖರ್ಚಾದದ್ದು ಐದನೆಯದು. ಪೌಂಡು, ಯುರೋ, ಕ್ರೋನರ್‌ನಲ್ಲಿ ಘೋಷಿಸಿದ ಮೊತ್ತ ಬಂದ ದಿನದ ದರದಲ್ಲಿ ಡಾಲರ್ ಆಗುತ್ತದೆ, ಅಲ್ಲೂ ಏರುಪೇರು. ದಾನಿ ದೇಶದ ಆರ್ಥಿಕ ವರ್ಷ ಒಂದು ಕಡೆ, ಅಫ್ಘಾನಿಸ್ತಾನದ್ದು ಇನ್ನೊಂದು ಕಡೆ. 2012ರವರೆಗೆ ಅದು ಮಾರ್ಚ್ 21ರ ಸುಮಾರಿಗೆ, ನವ್ರೋಜ್ ಎಂಬ ಹೊಸ ವರ್ಷದ ದಿನದಿಂದ ಶುರುವಾಗುತ್ತಿತ್ತು. ಆಮೇಲೆ ಡಿಸೆಂಬರ್ ಕೊನೆಗೆ ಸರಿಸಿದರು. ದಾನಿಯ ಕಂತು ಎರಡು ತಿಂಗಳು ತಡವಾದರೆ ಖಜಾನೆ ತನ್ನ ಕೈಯಿಂದ ಸಂಬಳ ಕೊಟ್ಟು ಕಾಯಬೇಕು.

ಹುಂಡಿಗೆ ಹಾಕಿದ ಮೇಲೂ ಇದು ನನ್ನ ಹಣ ಎನ್ನುವ ಆಸೆ ಹೋಗುವುದಿಲ್ಲ. ಅದಕ್ಕೆ ಎಆರ್‌ಟಿಎಫ್ ಒಂದು ರಿಯಾಯಿತಿ ಇಟ್ಟಿತ್ತು: ದಾನಿ ತನ್ನ ವಾರ್ಷಿಕ ಕೊಡುಗೆಯ ಅರ್ಧದವರೆಗೆ ಇಂಥ ಯೋಜನೆಗೆ ಹೋಗಲಿ ಎಂದು ಒಲವು ಸೂಚಿಸಬಹುದು. ಅರ್ಧವೇ ಯಾಕೆ ಎಂದರೆ, ಮಿತಿ ಇಲ್ಲದಿದ್ದರೆ ಎಲ್ಲರೂ ಹೆಣ್ಣುಮಕ್ಕಳ ಶಾಲೆಯನ್ನೋ ಹಳ್ಳಿಯ ನೀರನ್ನೋ ಬಯಸುತ್ತಾರೆ, ಗುಮಾಸ್ತನ ಸಂಬಳವನ್ನು ಯಾರೂ ಬಯಸುವುದಿಲ್ಲ. ಸಂಬಳದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲ ನೋಡಿ. ಭಾರತ ತನ್ನ ದೊಡ್ಡ ನೆರವನ್ನು ನೇರವಾಗಿಯೇ ಕೊಟ್ಟಿತು: 218 ಕಿಲೋಮೀಟರ್ ಉದ್ದದ ಜರಂಜ್–ದೆಲಾರಾಂ ರಸ್ತೆ, ಕಾಬೂಲಿನ ಸಂಸತ್ ಭವನ, ಹೆರಾತ್ ಪ್ರಾಂತ್ಯದ ಸಲ್ಮಾ ಅಣೆಕಟ್ಟು. ಭಾರತದ ಹೆಸರು ಜನರ ಬಾಯಲ್ಲಿ ಉಳಿಯಿತು. ಹುಂಡಿಗೆ ಹಾಕಿದವರ ಹೆಸರು ವಾರ್ಷಿಕ ವರದಿಯ ಕೋಷ್ಟಕದಲ್ಲಿ ಉಳಿಯಿತು. ರಸ್ತೆ ಹಾಕಿದ ಮೇಲೆ ಗುಂಡಿ ಮುಚ್ಚುವ ಖರ್ಚು ಮಾತ್ರ ಯಾರೇ ಹಾಕಿಸಿದ್ದರೂ ಆವರ್ತಕ ಬಜೆಟ್ಟಿನ ಹೆಗಲಿಗೇ ಬರುತ್ತದೆ.

ಬಂಡವಾಳದ ಕಿಟಕಿಯಿಂದ ಹೋದ ಹಣದಲ್ಲಿ ಹೆಸರು ಮಾಡಿದ್ದು 2003ರಲ್ಲಿ ಶುರುವಾದ ರಾಷ್ಟ್ರೀಯ ಒಗ್ಗಟ್ಟು ಕಾರ್ಯಕ್ರಮ. ಹಳ್ಳಿಯವರು ಗುಪ್ತ ಮತದಾನದಿಂದ ಒಂದು ಅಭಿವೃದ್ಧಿ ಮಂಡಳಿ ಆರಿಸಬೇಕು. ಕುಟುಂಬಕ್ಕೆ 200 ಡಾಲರ್ ಲೆಕ್ಕದಲ್ಲಿ, ಹಳ್ಳಿಗೆ 60,000 ಡಾಲರ್ ಮೀರದಂತೆ ಅನುದಾನ. ಶೇ 10ರಷ್ಟನ್ನು ಹಣವಾಗಿಯೋ ಕೂಲಿಯಾಗಿಯೋ ಹಳ್ಳಿಯೇ ಹಾಕಬೇಕು. ಲೆಕ್ಕ ಹಾಕಿದರೆ 300 ಕುಟುಂಬಕ್ಕೆ ಮಿತಿ ಮುಗಿಯಿತು. ಹಾಗಾಗಿ ದೊಡ್ಡ ಹಳ್ಳಿಗೆ ತಲೆಗೆ ಬರುವುದು ಕಡಿಮೆ, ಎರಡು ಹಳ್ಳಿ ಎಂದು ಒಡೆದು ತೋರಿಸುವ ಆಸೆ ಸಹಜ. ಬ್ಯಾಂಕಿಲ್ಲದ ಕಡೆ ಹಣ ತಲುಪಿಸಿದ್ದು ಹವಾಲಾ ವ್ಯಾಪಾರಿಗಳು.

ಎಲ್ಲರದೂ ಒಂದೇ ಹುಂಡಿ ಎಂದರೆ ಒಂದೇ ನಲ್ಲಿಯೂ ಹೌದು, ಅದು ಕಟ್ಟಿದರೆ ಎಲ್ಲವೂ ನಿಲ್ಲುತ್ತದೆ. 2010ರ ಸೆಪ್ಟೆಂಬರಿನಲ್ಲಿ ಕಾಬೂಲ್ ಬ್ಯಾಂಕ್ ಕುಸಿಯಿತು. ಸರ್ಕಾರಿ ನೌಕರರ ಸಂಬಳ ಹೋಗುತ್ತಿದ್ದ ಬ್ಯಾಂಕೇ ಅದು. ಷೇರುದಾರರಿಗೆ ಕೊಟ್ಟ ಸಾಲದಲ್ಲಿ ಸುಮಾರು 90 ಕೋಟಿ ಡಾಲರ್ ಮುಳುಗಿತ್ತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಸಾಲ-ಸುಧಾರಣೆ ಕಾರ್ಯಕ್ರಮ ಇಲ್ಲದ ಸರ್ಕಾರಕ್ಕೆ ಹಣ ಕೊಡಲಾಗದು ಎಂದು ಬ್ರಿಟನ್ನಿನಂಥ ದಾನಿಗಳು ಎಆರ್‌ಟಿಎಫ್ ಕಂತು ತಡೆಹಿಡಿದರು. 2011ರ ನವೆಂಬರಿನಲ್ಲಿ ಹೊಸ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕ ಮೇಲೇ ನಲ್ಲಿ ಸಡಿಲವಾದದ್ದು. ದಾನಿಗಳು ಬೇರೆಬೇರೆಯಾಗಿ ಕೊಡುತ್ತಿದ್ದರೆ ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರು ಮುಂದುವರಿಸುತ್ತಾರೆ. ಒಟ್ಟಾಗಿ ಕೊಡುವಾಗ ಹಿಂಜರಿಕೆಯೂ ಒಟ್ಟಾಗುತ್ತದೆ.

ಇನ್ನೊಂದು ದೋಷ ನಿಧಾನವಾಗಿ ಬೆಳೆಯಿತು. ನೆರವಿನ ಯೋಜನೆಗಳು ಸಚಿವಾಲಯಗಳ ಒಳಗೇ ಕನ್ಸಲ್ಟೆಂಟ್‌ಗಳನ್ನು ನೇಮಿಸಿದವು. ಪಕ್ಕದ ಕುರ್ಚಿಯ ಕಾಯಂ ನೌಕರನ ಹಲವು ಪಟ್ಟು ಸಂಬಳ ಅವರದು. ಕಡತ ಓಡುತ್ತಿದ್ದದ್ದು ಅವರಿಂದ. ಇವರನ್ನು ಎರಡನೇ ನೌಕರಶಾಹಿ ಎಂದೇ ಕರೆಯುತ್ತಿದ್ದರು. ಯೋಜನೆ ಮುಗಿದರೆ ಸಾಮರ್ಥ್ಯವೂ ಗಂಟುಮೂಟೆ ಕಟ್ಟುತ್ತಿತ್ತು.

2021ರ ಆಗಸ್ಟಿನಲ್ಲಿ ತಾಲಿಬಾನ್ ಬಂದ ಮೇಲೆ ವಿಶ್ವಬ್ಯಾಂಕ್ ಪಾವತಿ ನಿಲ್ಲಿಸಿತು. ಡಿಸೆಂಬರಿನಲ್ಲಿ ನಿಧಿಯ 28 ಕೋಟಿ ಡಾಲರನ್ನು, 18 ಕೋಟಿ ವಿಶ್ವ ಆಹಾರ ಕಾರ್ಯಕ್ರಮಕ್ಕೂ 10 ಕೋಟಿ ಯುನಿಸೆಫ್‌ಗೂ, ವರ್ಗಾಯಿಸಿದರು. ಅಲ್ಲಿಂದ ಹಣದ ದಾರಿ ಬಜೆಟ್ಟಿನ ಹೊರಗೆ. 2022ರ ಮಾರ್ಚಿನಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆ ತೆರೆಯದೆ ಹೋದಾಗ 60 ಕೋಟಿ ಡಾಲರಿನ ನಾಲ್ಕು ಯೋಜನೆಗಳನ್ನು ತಡೆಹಿಡಿದರು.

ಹೊರಗಿನ ದಾರಿಗೆ ಸುಂಕ ಹೆಚ್ಚು. ವಿಶ್ವಸಂಸ್ಥೆಯದೇ ಸಾಮೂಹಿಕ ನಿಧಿಗಳಲ್ಲಿ ಹಣ ಕಾಯುವ ಕಚೇರಿಗೆ ಶೇ 1, ಕೆಲಸ ಮಾಡುವ ಸಂಸ್ಥೆಯ ಮೇಲ್ವೆಚ್ಚಕ್ಕೆ ಶೇ 7 ಎಂಬುದು ರೂಢಿ. ಆ ಸಂಸ್ಥೆ ಕೆಲಸವನ್ನು ಎನ್‌ಜಿಒಗೆ ಒಪ್ಪಿಸಿ, ಅದೂ ಶೇ 7 ಹಿಡಿದರೆ, 100 ಡಾಲರಿನಲ್ಲಿ ಕೆಳಗೆ ಇಳಿಯುವುದು 86ರ ಆಸುಪಾಸು. ಭದ್ರತೆ, ವಾಹನ, ವಿದೇಶಿ ಸಿಬ್ಬಂದಿಯ ಖರ್ಚು ಇದರಲ್ಲಿ ಇನ್ನೂ ಕಳೆದಿಲ್ಲ.

ಮೇಷ್ಟರ ವಿಷಯಕ್ಕೆ ಬಂದರೆ, 2022ರ ಜನವರಿ ಮತ್ತು ಫೆಬ್ರವರಿಗೆ ಸುಮಾರು 1,94,000 ಸರ್ಕಾರಿ ಶಾಲಾ ಶಿಕ್ಷಕರಿಗೆ ಯುನಿಸೆಫ್ ತಿಂಗಳಿಗೆ 100 ಡಾಲರಿನಷ್ಟು ಅಫ್ಘಾನಿಗಳನ್ನು ಕೊಟ್ಟಿತು. ಹಣ ಯುರೋಪಿಯನ್ ಒಕ್ಕೂಟದ್ದು. ಅದಕ್ಕೆ ಎಂ-41 ಇರಲಿಲ್ಲ, ಮುಸ್ತೂಫಿಯತ್‌ನ ಲೆಕ್ಕಪುಸ್ತಕದಲ್ಲಿ ಅದರ ಜಮೆಯೂ ಇಲ್ಲ, ಖರ್ಚೂ ಇಲ್ಲ.