ಗೊರಕೆ ನಿಂತಾಗ ಮಿದುಳಿಗೇನಾಗುತ್ತದೆ?

ಗೊರಕೆ ಏರುತ್ತಾ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಎದೆ, ಹೊಟ್ಟೆ ಒದ್ದಾಡುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಂಟಲು ಮುಚ್ಚಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಅರೆ ಎಚ್ಚರಗೊಂಡಾಗ ಗಕ್ಕನೆ ಉಸಿರು ಮರಳುತ್ತದೆ. ಪಕ್ಕದಲ್ಲಿ ಮಲಗಿದವರು ಗಾಬರಿಯಾಗುತ್ತಾರೆ. ಮಲಗಿದ್ದವರಿಗೆ ಬೆಳಗ್ಗೆ ಏನೂ ನೆನಪಿರುವುದಿಲ್ಲ. 10 ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಂತದ್ದು, ಅರೆಬರೆಯಾದದ್ದು ಎರಡನ್ನೂ ಎಣಿಸಿ, ಗಂಟೆಗೆ 5 ಸಲ ಅಥವಾ ಹೆಚ್ಚಾದರೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. 15ರಿಂದ ಮಧ್ಯಮ, 30ರಿಂದ ತೀವ್ರ.

1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಎರಡು ತಂಡಗಳು ಇದನ್ನು ದಾಖಲಿಸಿದಾಗ ಹುಡುಕುತ್ತಿದ್ದುದು ಸ್ಥೂಲಕಾಯದವರ ಹಗಲು ತೂಕಡಿಕೆಗೆ ಕಾರಣವನ್ನು. ಆನಂತರದ ವರ್ಷಗಳ ಮುಖ್ಯ ಚಿಕಿತ್ಸೆ, ಕತ್ತಿನಲ್ಲಿ ಶ್ವಾಸನಾಳಕ್ಕೇ ರಂಧ್ರ ಕೊರೆಯುವುದು. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ತಂಡ, ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಊದಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿತು. 1993ರ ವಿಸ್ಕಾನ್ಸಿನ್ ಸಮೀಕ್ಷೆಯಲ್ಲಿ 30ರಿಂದ 60 ವಯಸ್ಸಿನ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9 ಮಂದಿ 5ರ ಗಡಿ ಮುಟ್ಟಿದ್ದರು. ಆದರೂ ಇಂಥವರಲ್ಲಿ ಕಾಣುವ ಮರೆವನ್ನು ಬಹುಕಾಲ ನಿದ್ದೆಗೆಟ್ಟವರ ಮಂಪರು ಎಂದಷ್ಟೇ ಕಂಡರು.

ಮರೆಗುಳಿತನದ (ಡಿಮೆನ್ಷಿಯಾ) ಪ್ರಶ್ನೆಗೆ ತೂಕ ಬಂದದ್ದು 2011ರಲ್ಲಿ. ಸಂಶೋಧಕಿ ಕ್ರಿಸ್ಟೀನ್ ಯಾಫ್ ಅವರ ತಂಡ ಅಮೆರಿಕದಲ್ಲಿ, ಡಿಮೆನ್ಷಿಯಾ ಇಲ್ಲದ, ಸರಾಸರಿ 82 ವರ್ಷದ 298 ಮಹಿಳೆಯರ ಒಂದು ರಾತ್ರಿಯ ಉಸಿರಾಟ ಅಳೆದು, ಸುಮಾರು ಐದು ವರ್ಷದ ನಂತರ ಮತ್ತೆ ಪರೀಕ್ಷಿಸಿತು. ಉಸಿರಾಟದ ತೊಂದರೆಯಿದ್ದವರಲ್ಲಿ ಶೇ. 45, ಇಲ್ಲದವರಲ್ಲಿ ಶೇ. 31 ಮಂದಿಗೆ ಡಿಮೆನ್ಷಿಯಾ ಅಥವಾ ಅದರ ಮುಂಚಿನ ಹಂತ ಬಂದಿತ್ತು. ನಮ್ಮ ಪ್ರಕಾರ ಇದಕ್ಕಿಂತ ದೊಡ್ಡ ಸುಳಿವು ಇನ್ನೊಂದಿದೆ: ಆ ಅಪಾಯ ತಳುಕು ಹಾಕಿಕೊಂಡದ್ದು ನಿದ್ದೆಯ ಗಂಟೆಗಳಿಗಲ್ಲ, ನಿದ್ದೆ ಮುರಿದದ್ದಕ್ಕೂ ಅಲ್ಲ, ಆಮ್ಲಜನಕದ ಕೊರತೆಗೆ. ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಭಾಗ ಆ ಕೊರತೆಯನ್ನು ತಾಳಲಾರದು. ಪ್ರತಿ ಸಲ ಎಚ್ಚರವಾದಾಗ ಜಿಗಿಯುವ ರಕ್ತದೊತ್ತಡ ಮಿದುಳಿನ ಸಣ್ಣ ರಕ್ತನಾಳಗಳನ್ನೂ ಸವೆಸುತ್ತದೆ. ನಿದ್ದೆಯಲ್ಲಿ ಮಿದುಳಿನ ಕಸ ತೊಳೆದುಹೋಗುತ್ತದೆ ಎಂಬ 2013ರ ವಾದವೂ ಇದೆ. ಇಲಿಗಳ ಮೇಲಿನ 2024ರ ಪ್ರಯೋಗವೊಂದು ಅದನ್ನು ಪ್ರಶ್ನಿಸಿದೆ.

ಇಷ್ಟಾದರೂ ಸಂಬಂಧ ಕಂಡದ್ದು ಕಾರಣ ಸಾಬೀತಾದಂತಲ್ಲ. ಡಿಮೆನ್ಷಿಯಾ ಕುರಿತು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ಆಯೋಗದ 2024ರ 14 ಅಪಾಯಕಾರಿ ಅಂಶಗಳ ಪಟ್ಟಿಯಲ್ಲಿ ಅಪ್ನಿಯಾ ಇಲ್ಲ. ಅದರ ಜೊತೆಗಾರರಾದ ಬಿಪಿ, ಬೊಜ್ಜು, ಸಕ್ಕರೆ ಕಾಯಿಲೆ ಇವೆ. ಸಿಪ್ಯಾಪ್ ಹಾಕಿದರೆ ಡಿಮೆನ್ಷಿಯಾ ಬರುವುದಿಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆದರೆ ನಿದ್ದೆಯ ಉಸಿರಾಟ ಕೆಟ್ಟು ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಹಾಗಾಗಿ ಗೊರಕೆಯಿರುವ ಹಿರಿಯರನ್ನು ‘ಅರವತ್ತಕ್ಕೆ ಅರಳು ಮರಳು’ ಎಂದು ಬದಿಗಿಡುವ ಮೊದಲು ನಿದ್ದೆಯ ಉಸಿರಾಟದ ಪರೀಕ್ಷೆ ಆಗಲೇಬೇಕು.

ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲಿ ಬೆರಳಿಗೆ ಆಕ್ಸಿಮೀಟರ್, ಮೂಗಿಗೆ ಕೊಳವೆ, ಎದೆಗೆ ಪಟ್ಟಿ ಇರುತ್ತವೆ. ಸಾಮಾನ್ಯವಾಗಿ ಮಿದುಳಿನ ಅಲೆ ಅಳೆಯುವುದಿಲ್ಲವಾದ್ದರಿಂದ ಎಚ್ಚರವಾಗಿ ಹೊರಳಾಡಿದ ಗಂಟೆಗಳೂ ಲೆಕ್ಕಕ್ಕೆ ಸೇರಿ, ಗಂಟೆಗೆ ಎಷ್ಟು ಸಲ ಎಂಬ ಅಂಕಿ ತಗ್ಗುತ್ತದೆ. ವರದಿಯಲ್ಲಿ ತೊಂದರೆ ಕಾಣದೆಯೂ ಅನುಮಾನ ಉಳಿದರೆ ಲ್ಯಾಬಿನಲ್ಲೇ ಒಂದು ರಾತ್ರಿ ಮಲಗಿಸಿ ನೋಡಬೇಕು.

ಸಿಪ್ಯಾಪ್ ಮಾಸ್ಕನ್ನು ಮಲಗಿದ ಭಂಗಿಯಲ್ಲಿ, ಗಾಳಿ ಹರಿಯುತ್ತಿರುವಾಗಲೇ ಹೊಂದಿಸಿ; ಕೂತು ಹೊಂದಿಸಿದ್ದು ಮಲಗಿದಾಗ ಸಡಿಲವಾಗುತ್ತದೆ. ಸೋರುತ್ತಿದೆಯೆಂದು ಪಟ್ಟಿ ಬಿಗಿದರೆ ಮೂಗಿನ ಮೇಲೆ ಗಾಯವಾಗುತ್ತದೆ, ಸೋರಿಕೆಯೂ ಹೆಚ್ಚಬಹುದು. ನಡುರಾತ್ರಿ ಮೂರಕ್ಕೆ ಕಿತ್ತಿಡುವವರು ಬಹಳ. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವ, ಗಂಟಲಿನ ಸ್ನಾಯು ತೀರಾ ಸಡಿಲವಾಗಿ ಆಮ್ಲಜನಕ ಹೆಚ್ಚು ಕುಸಿಯುವುದೂ ಆಗಲೇ. ಹಾಕಿದ್ದನ್ನೇ ಮರೆತು ಕೀಳುವ ಹಿರಿಯರಿದ್ದರೆ, ಜಾವದಲ್ಲಿ ಒಮ್ಮೆ ಎದ್ದು ಮಾಸ್ಕ್ ಮತ್ತೆ ಹಾಕಿಸುವ ಕೈಯೊಂದು ಮನೆಯಲ್ಲಿ ಬೇಕಾಗುತ್ತದೆ.